ಜ್ವರಕ್ಕೆ ಎರಡು ಕಾಲಂ

ಸೋರೆಕುಪ್ಪೆಯಲ್ಲಿ ಜ್ವರ ಅಂದರೆ ಯಾರೂ ಹೆದರಿಕೊಳ್ಳುತ್ತಿರಲಿಲ್ಲ. ಅದು ರೇಷ್ಮೆ ಹುಳು ಸಾಕುವ ಊರು. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಜಪಕ್ಕೆ ಕೂತವರ ಹಾಗೆ ಕೂತು, ಹಳೇ ಚರ್ಮ ಕಳಚಿ ಏಳುತ್ತದೆ. ಹಾಗೆ ಕೂರುವುದಕ್ಕೆ ಆ ಸೀಮೆಯವರು ಅಜ್ಜ ಮುತ್ತಜ್ಜರ ಕಾಲದಿಂದ ಜ್ವರ ಎನ್ನುತ್ತ ಬಂದಿದ್ದಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. "ನಿಮ್ಮವು ಯಾವ ಜ್ವರದಲ್ಲಿ ಅವೆ?" ಎಂದು ಕೇಳುವುದು ಅಲ್ಲಿ "ಊಟ ಆಯ್ತಾ?" ಎಂದು ಕೇಳಿದಷ್ಟೇ ಸಲೀಸು. "ನಾಲ್ಕನೇ ಜ್ವರ ಎದ್ದವೆ" ಎಂದರೆ ಮನೆಮಂದಿಗೆಲ್ಲ ಸೊಪ್ಪು ಹೊರುವ ಸಡಗರ.

ಈ ಒಂದು ಸಂಗತಿ ಆಲಿಕೆಗೆ ಗೊತ್ತಿರಲಿಲ್ಲ.

ಆಲಿಕೆ ಸರ್ಕಾರ ತಂದ ಯಂತ್ರ. ಕಾವಳ ಜ್ವರ ಎಂಬ ಹೊಸ ರೋಗ ನಾಡಿಗೆ ಬಂದು, ಹಿಡಿದವರನ್ನು ಐದು ದಿನ ಸುಟ್ಟು, ಹೋಗುವಾಗ ಮೂವರಲ್ಲಿ ಒಬ್ಬರ ಕಣ್ಣಿನ ಬೆಳಕನ್ನೂ ಎತ್ತಿಕೊಂಡು ಹೋಗತೊಡಗಿದ ಮೇಲೆ ಅದು ಹುಟ್ಟಿತು. ಲಸಿಕೆ ಸಿದ್ಧವಾಗಿತ್ತು. ಮೊದಲೇ ಚುಚ್ಚಿದರೆ ಜ್ವರ ಹತ್ತಿರ ಸುಳಿಯದು. ಜ್ವರ ಬಂದ ಮೂರು ದಿನದೊಳಗೆ ಚುಚ್ಚಿದರೂ ಕಣ್ಣು ಉಳಿಯುತ್ತದೆ. ಆದರೆ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಎಲ್ಲಿಗೆ ಮೊದಲು ಕಳಿಸಬೇಕು? ಮನೆಮನೆ ಸುತ್ತಿ ಕೇಳಿಕೊಂಡು ಬರುವುದರೊಳಗೆ ರೋಗ ಮುಂದಿನ ಊರು ಸೇರಿರುತ್ತಿತ್ತು. ಅದಕ್ಕೇ ಎಲ್ಲರ ಫೋನಿನೊಳಗೂ ಒಂದು ಕಿವಿ ಇಟ್ಟರು. ಯಾರು ಯಾರ ಹತ್ತಿರ ಮಾತಾಡಿದರು ಎಂಬುದು ಅದಕ್ಕೆ ಬೇಡ. ರೋಗಕ್ಕೆ ಸಂಬಂಧಪಟ್ಟ ಅರವತ್ತು ಮಾತುಗಳನ್ನು ಮಾತ್ರ ಹೆಕ್ಕಿ, ಯಾವ ಊರಿನಲ್ಲಿ ಯಾವ ಮಾತು ಎಷ್ಟು ಸಲ ಬಂತು ಎಂದು ಒಂದು ಹಗಲು ಒಂದು ರಾತ್ರಿ ಎಣಿಸುತ್ತದೆ. ಬೆಳಿಗ್ಗೆ ಆರಕ್ಕೆ ನಕ್ಷೆಯಲ್ಲಿ ಊರಿಗೊಂದು ಬಣ್ಣ: ಹಸಿರು, ಹಳದಿ, ಕೆಂಪು. ಲಸಿಕೆಯ ಪೆಟ್ಟಿಗೆಗೆ ಹಾಕಿದ್ದ ಬೀಗ ಕೆಂಪು ಊರಿನ ಎಲ್ಲೆಯೊಳಗೆ ಹೋದರೆ ಮಾತ್ರ ತೆರೆದುಕೊಳ್ಳುತ್ತದೆ. ಮಂತ್ರಿ ಬಂದು ಕೇಳಿದರೂ ಬೇರೆಲ್ಲೂ ತೆರೆಯದು. ಹಂಚಿಕೆಯಲ್ಲಿ ಮೋಸವಾಗಬಾರದೆಂದು ಹಾಗೆ. ಮೊದಲು ಕೆಮ್ಮನ್ನೂ ಎಣಿಸಿ ನೋಡಿದ್ದರಂತೆ. ಬೀಡಿ ಸೇದುವವರ ಊರುಗಳೆಲ್ಲ ಕೆಂಪಾದ ಮೇಲೆ ಅದನ್ನು ಕೈಬಿಟ್ಟರು.

ಆಲಿಕೆ ಶುರುವಾದ ಮೊದಲ ವಾರದಲ್ಲೇ ಇಡೀ ಜಿಲ್ಲೆಯಲ್ಲಿ ಸೋರೆಕುಪ್ಪೆಯೊಂದೇ ಕೆಂಡದ ಹಾಗೆ ಕೆಂಪಾಗಿ ಕೂತಿತು. ಆರು ಗಾಡಿ ಬಂದವು. ಬಿಳಿ ನಿಲುವಂಗಿ, ಮುಖಕ್ಕೆ ಗಾಜು ಹಾಕಿಕೊಂಡವರು ಇಳಿದು ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿದರು. ಅರಳಿಕಟ್ಟೆಯ ಮೇಲೆ ಕೂತಿದ್ದ ಚಿಕ್ಕಕೆಂಪಯ್ಯ ಎದ್ದು ಬಂದ.

"ಎಲ್ಲಿ ಅಜ್ಜ, ಜ್ವರ ಬಂದಿರೋರು?"

"ನಮ್ಮನೇಲಿ ಒಂದಿಪ್ಪತ್ತು ಸಾವಿರ ಅವೆ. ಆದ್ರೆ ಚಪ್ಪಲಿ ಬುಟ್ಟು, ಸುಣ್ಣದ ನೀರಲ್ಲಿ ಕಾಲು ಅದ್ದಿ ಒಳಕ್ಕೆ ಬನ್ನಿ ಸ್ವಾಮಿ. ನಿಮ್ಮಿಂದ ಅವುಕ್ಕೆ ಏನಾರ ಅಂಟಿಕೊಂಡಾತು."

ಪತ್ರಿಕೆಗಳು ಇದನ್ನು ವಾರವಿಡೀ ಬರೆದು ನಕ್ಕವು. ಊರೂ ನಕ್ಕಿತು. ನಗದೆ ಇದ್ದದ್ದು ಜಿಲ್ಲೆಯ ಆಲಿಕೆ ಕೇಂದ್ರವೊಂದೇ. ಅವಮಾನವಾದ ಕಚೇರಿ ತಪ್ಪನ್ನು ತಿದ್ದಿಕೊಳ್ಳುವುದಿಲ್ಲ, ತಪ್ಪು ಮತ್ತೆ ಕಾಣದ ಹಾಗೆ ಮುಚ್ಚುತ್ತದೆ. ಯಂತ್ರದೊಳಗೆ ಒಂದು ಸಾಲು ಸೇರಿಸಿದರು: ಸೋರೆಕುಪ್ಪೆಯಿಂದ ಬರುವ 'ಜ್ವರ' ಹುಳುವಿನದು, ಎಣಿಸತಕ್ಕದ್ದಲ್ಲ.

ಎರಡು ವರ್ಷ ಆ ಸಾಲಿನಿಂದ ಯಾರಿಗೂ ತೊಂದರೆಯಾಗಲಿಲ್ಲ.

*

ಆ ಸೋಮವಾರ ಸಂಜೆ ಹೊನ್ನಮ್ಮ ತನ್ನ ನಾದಿನಿಯ ಮನೆಗೆ ಹೋದಾಗ, ಲಿಂಗಿ ಹುಳುಮನೆಯ ಹೊರಗಿನ ಜಗಲಿಯ ಮೇಲೆ ಸೊಪ್ಪಿನ ಗೋಣಿಗೆ ಒರಗಿ ಕೂತಿದ್ದಳು. ಹೊನ್ನಮ್ಮ ಊರಿನ ಆಶಾ ಕಾರ್ಯಕರ್ತೆ. ಹನ್ನೊಂದು ವರ್ಷದಿಂದ ಬಸುರಿ ಬಾಣಂತಿಯರ ಮನೆ ತಿರುಗಿ ಅವಳ ಅಂಗೈಗೆ ಹಣೆಯ ಬಿಸಿ ಅಳೆಯುವುದು ಅಭ್ಯಾಸವಾಗಿತ್ತು. ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಯಾವಾಗಿಂದ್ಲೇ?"

"ಮಧ್ಯಾಹ್ನದಿಂದ. ಸುಡ್ತಾ ಐತೆ ಕಣತ್ತಿಗೆ. ಹುಳ ಮೂರನೇ ಜ್ವರದಲ್ಲಿ ಅವೆ, ಅವುಕ್ಕೆ ಜೊತೆಯಾಗ್ಲಿ ಅಂತ ನಾನೂ ಕೂತಿವ್ನಿ."

ಲಿಂಗಿ ಅಂಥವಳು, ಸಾಯುವಾಗಲೂ ಒಂದು ಚಟಾಕಿ ಹಾರಿಸುವವಳು. ಆದರೆ ಊರಿಗೆ ಅವಳು ಬೇಕಾಗಿದ್ದದ್ದು ಬಾಯಿಗಲ್ಲ, ಕಣ್ಣಿಗೆ. ಹುಳು ಹಣ್ಣಾಗುವ ದಿನ, ಅಂದರೆ ತಿನ್ನುವುದು ನಿಲ್ಲಿಸಿ ನೂಲು ಬಿಡಲು ಸಿದ್ಧವಾಗುವ ದಿನ, ಸಾವಿರಾರು ಹುಳುವಿನ ನಡುವೆ ಯಾವುದು ಹಣ್ಣು ಯಾವುದು ಹಸಿ ಎಂದು ನೋಡಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ಚಂದ್ರಂಕಿಗೆ ಬಿಡಬೇಕು. ಹಸಿಯದು ಹೋದರೆ ಗೂಡು ಕಟ್ಟದು. ಹಣ್ಣಾದದ್ದನ್ನು ಬಿಟ್ಟರೆ ನೂಲು ದಂಡ. ಹಣ್ಣಾದ ಹುಳುವಿನ ಕುತ್ತಿಗೆಯಲ್ಲಿ ಜೇನಿನಂಥದೊಂದು ಬಣ್ಣ ಇಳಿಯುತ್ತದೆ. ಉಳಿದವರು ಅದನ್ನು ಬೆಳಕಿಗೆ ಹಿಡಿದು ನೋಡಿದರೆ, ಲಿಂಗಿ ಬಾಗಿಲಲ್ಲಿ ನಿಂತು ಹೇಳಿಬಿಡುತ್ತಿದ್ದಳು. ಇಪ್ಪತ್ತು ಮನೆಯವರು ಅವಳಿಗೆ ಹೇಳಿಕಳಿಸಿ ಕಾಯುತ್ತಿದ್ದರು. ಅದೇ ಅವಳ ಬದುಕು, ಅದೇ ಅವಳ ಠೀವಿ.

ಅಷ್ಟರಲ್ಲಿ ಕುಂಬಾರಗೇರಿಯ ನಾಲ್ಕು ಮನೆ, ಶಾಲೆಯ ಹಿಂದಿನ ಎರಡು ಮನೆ ಮಲಗಿದ್ದವು. ಹೊನ್ನಮ್ಮ ಮಂಗಳವಾರ ಬೆಳಿಗ್ಗೆ ಹದಿನಾಲ್ಕು ಹೆಸರುಗಳನ್ನು ಇಲಾಖೆ ಕೊಟ್ಟಿದ್ದ ಟ್ಯಾಬ್‌ಗೆ ತುಂಬಿದಳು. ಟ್ಯಾಬ್ ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಕೊಟ್ಟಿತು: 'ಆಲಿಕೆಯೊಂದಿಗೆ ತಾಳೆಯಾಗುತ್ತಿಲ್ಲ. ಗ್ರಾಮದ ಬಣ್ಣ ಹಸಿರು. ನಮೂದು ತಿರಸ್ಕೃತ.'

ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದಳು. ಪಾಪ, ಅವರದೂ ಕೈ ಕಟ್ಟಿತ್ತು. "ಹೊನ್ನಮ್ಮ, ರಕ್ತ ತೆಗೆದು ಕಳಿಸೋದಕ್ಕೂ ಊರು ಹಳದಿ ಆದ್ರೂ ಆಗಿರ್ಬೇಕು. ಬರೆದು ಕಳಿಸಿದೀನಿ. ನೋಡೋಣ."

ಬುಧವಾರ ಲಸಿಕೆಯ ಗಾಡಿ ಸೋರೆಕುಪ್ಪೆಯ ಗೇಟಿಗೆ ಬಂತು. ಹೊನ್ನಮ್ಮ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದಳು. ಡ್ರೈವರ್ ತಮ್ಮಣ್ಣ ಗುರುತಿನವನೇ.

"ಅಕ್ಕ, ನಿಮ್ಮೂರಿಗಲ್ಲ ಕಣಕ್ಕ. ಕೆರೆ ಆಚೆ ಹೊಸ ಬಡಾವಣೆಗೆ. ಅದು ಕೆಂಪಾಗೈತೆ."

"ಅಲ್ಲಿ ಯಾರಿಗಯ್ಯ ಜ್ವರ?"

"ನಂಗೇನು ಗೊತ್ತಕ್ಕ. ಹೋದ್ ವಾರವೂ ಅಲ್ಲಿಗೇ ಹೋಗಿದ್ದೆ. ಎಲ್ಲ ಗುಂಡುಗಲ್ಲಿನಂಗವ್ರೆ. ನಾಯಿ ಹಿಡ್ಕೊಂಡು ಓಡ್ತಾ ಇದ್ರು."

"ಒಂದೇ ಒಂದು ಸೀಸೆ ಕೊಡೋ ತಮ್ಮಣ್ಣ. ನಿನ್ನ ಕಾಲು ಹಿಡೀತೀನಿ."

ಅವನು ಇಳಿದು, ಹಿಂದಿನ ಬಾಗಿಲು ತೆಗೆದು, ಪೆಟ್ಟಿಗೆಯನ್ನೇ ತಂದು ಅವಳೆದುರು ಇಟ್ಟ. "ನೋಡಕ್ಕ, ನೀನೇ ತಗಿ. ತಗದ್ರೆ ಎಲ್ಲಾನೂ ಇಲ್ಲೇ ಬುಟ್ಟೋಯ್ತೀನಿ." ಬೀಗದ ಮೇಲೆ ಊರಿನ ಬಣ್ಣದ್ದೇ ಪುಟ್ಟ ಹಸಿರು ದೀಪ ಉರಿಯುತ್ತಿತ್ತು. ಎಳೆದಳು, ಬಗ್ಗಿ ಕಲ್ಲು ಹುಡುಕಿದಳು. ತಮ್ಮಣ್ಣ ಅವಳ ಕೈ ಹಿಡಿದ. "ಒಡದ್ರೆ ಒಳಗಿರೋದೆಲ್ಲ ತಾನೇ ಬಿಸಿ ಮಾಡ್ಕೊಂಡು ಕೆಟ್ಟೋಯ್ತದೆ. ಹಂಗೇ ಮಾಡವ್ರೆ, ಕಳ್ಳರು ಕದೀಬಾರ್ದು ಅಂತ."

ಗಾಡಿ ಹೋದ ಮೇಲೂ ಹೊನ್ನಮ್ಮ ಆ ಧೂಳಿನಲ್ಲೇ ನಿಂತಿದ್ದಳು. ಲಿಂಗಿಯ ಮೂರು ದಿನದಲ್ಲಿ ಎರಡು ಮುಗಿಯುತ್ತ ಬಂದಿದ್ದವು. ಆಮೇಲೆ ನಾಳೆಯ ಮೊದಲ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿಕೊಂಡು ಮನೆಗೆ ನಡೆದಳು.

*

ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಹತ್ತಿ ಹೊನ್ನಮ್ಮ ಜಿಲ್ಲಾ ಕೇಂದ್ರಕ್ಕೆ ಹೋದಳು. ಆಲಿಕೆ ಕೇಂದ್ರದ ಒಳಗೆ ತಂಪಾಗಿತ್ತು, ಸದ್ದೇ ಇರಲಿಲ್ಲ. ಇಡೀ ಜಿಲ್ಲೆಯ ಮಾತು ಕೇಳುವ ಕೋಣೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಗೋಡೆಯ ಉದ್ದಕ್ಕೂ ನಕ್ಷೆ. ಹನ್ನೊಂದು ಗಂಟೆಯವರೆಗೆ ಕೂರಿಸಿ ಅವಳನ್ನು ಪ್ರಣೀತ್ ಎಂಬ ಎಂಜಿನಿಯರನ ಬಳಿಗೆ ಕಳಿಸಿದರು. ಕೆಟ್ಟವನಲ್ಲ, ಎದ್ದು ನಿಂತು ಕುರ್ಚಿ ಕೊಟ್ಟ, ನೀರು ತರಿಸಿದ.

ಹೊನ್ನಮ್ಮ ಸೆರಗಿನೊಳಗಿಂದ ಪಟ್ಟಿ ತೆಗೆದು ಮೇಜಿನ ಮೇಲೆ ಹಾಸಿದಳು. ಅಷ್ಟರಲ್ಲಿ ಹೆಸರು ಮೂವತ್ತೊಂದಾಗಿದ್ದವು.

"ಅಮ್ಮ, ಇದನ್ನೆಲ್ಲ ನಾವು ಕೈಯಲ್ಲಿ ತುಂಬೋ ಹಾಗಿಲ್ಲ," ಅಂದ ಅವನು. "ಆಲಿಕೆಯಲ್ಲಿ ನಿಮ್ಮೂರು ಹಸಿರೇ ಇದೆ. ನೋಡಿ. ಜ್ವರ ಅನ್ನೋ ಮಾತು ನಿನ್ನೆ ಸಾವಿರದ ನೂರು ಸಲ ಬಂದಿದೆ. ಆದರೆ ಅದು ಹುಳದ್ದು ಅಂತ ನಿಯಮ ಇದೆ."

"ಸ್ವಾಮಿ, ನಾನೂ ಹುಳ ಸಾಕೋಳೇ. ಹುಳದ ಜ್ವರ ಯಾವುದು, ಮನುಷ್ಯರ ಜ್ವರ ಯಾವುದು ಅಂತ ನಂಗೆ ಗೊತ್ತಾಗಲ್ವ?"

"ನಿಮಗೆ ಗೊತ್ತಾಗುತ್ತೆ. ಅದಕ್ಕೆ ಗೊತ್ತಾಗಲ್ಲ."

"ಹಂಗಾದ್ರೆ ನನ್ನ ಕೇಳಿ!"

ಪಕ್ಕದ ಮೇಜಿನವರು ತಿರುಗಿ ನೋಡಿದರು. ಪ್ರಣೀತ್ ದನಿ ತಗ್ಗಿಸಿದ. "ಆ ನಿಯಮ ತೆಗೆಯೋಕೆ ರಾಜ್ಯ ಸಮಿತಿ ಒಪ್ಪಬೇಕಮ್ಮ. ಸಮಿತಿ ಸೇರೋದು ಮುಂದಿನ ಬುಧವಾರ. ಅರ್ಜಿ ಕೊಟ್ಟು ಹೋಗಿ, ನಾನೇ ಮುಂದೆ ಕಳಿಸ್ತೀನಿ."

"ನಮ್ ಲಿಂಗಿ ಕಣ್ಣಿಗೆ ಇವತ್ತು ಸಂಜೆ ತನಕ ಮಾತ್ರ ಟೈಮು ಇರೋದು."

ಅವನು ಖಾಲಿ ಅರ್ಜಿಯೊಂದನ್ನು ಅವಳ ಕಡೆಗೆ ಸರಿಸಿದ.

"ನೋಡಪ್ಪ," ಹೊನ್ನಮ್ಮನ ಮಾತು ಈಗ ಏರಲಿಲ್ಲ, ಗಟ್ಟಿಯಾಯಿತು. "ಹುಳುಮನೇಲಿ ಒಂದು ಹುಳ ಮಂಕಾದ್ರೆ ನಾವು ಅವತ್ತೇ ಎತ್ತಿ ಹೂತು, ತಟ್ಟೆಗೆಲ್ಲ ಸುಣ್ಣ ಹಾಕ್ತೀವಿ. ಹುಳಕ್ಕೆ ಬಾಯಿಲ್ಲ, ಅದು ಯಾರಿಗೂ ಫೋನ್ ಮಾಡಲ್ಲ. ನಾವು ಕಣ್ಣಲ್ಲಿ ನೋಡ್ತೀವಿ. ನೀವು ನಾವು ಬೀಗರ ಹತ್ರ ಆಡೋ ಮಾತೆಲ್ಲ ಮರೇಲಿ ನಿಂತು ಕೇಳಿಸ್ಕೊತೀರಿ. ಅದೇ ಎದುರಿಗೆ ಬಂದು ಬಾಯಿಬಿಟ್ಟು ಹೇಳಿದ್ರೆ ಮಾತ್ರ ಕಿವಿ ಕೇಳಲ್ಲ! ಇದ್ಯಾವ ಸೀಮೆ ಕಿವಿಯಪ್ಪ?"

ಅವನ ಮುಖ ಕೆಂಪಾಯಿತು. ಪರದೆಯ ಮೇಲೆ ಬೆರಳಾಡಿಸಿದ. ಹೊನ್ನಮ್ಮನ ಕಣ್ಣು ಆ ಪರದೆಯ ಮೇಲೇ ಇತ್ತು. ಕೆರೆ ಆಚೆಯ ಬಡಾವಣೆಯ ಹೆಸರು, ಅದರ ಎದುರು ಒಂದು ಅಂಕಿ.

"ಇದೇನು ಇನ್ನೂರ ಹನ್ನೆರಡು?"

"ಅದು ಫೀವರ್ ಕಾಲಂ."

"ಇನ್ನೂರ ಹನ್ನೆರಡು ಜನಕ್ಕೆ ಜ್ವರವ?"

"ಇಲ್ಲ. ಮೂರು ಜನಕ್ಕೋ ಏನೋ ಇತ್ತು. ಫೀವರ್ ಅನ್ನೋ ಮಾತು ಅಷ್ಟು ಸಲ ಬಂದಿದೆ. ಭಯಪಟ್ಟು ಎಲ್ಲರೂ ಅದನ್ನೇ ಮಾತಾಡಿರ್ತಾರೆ."

"ಫೀವರ್ ಅಂದ್ರೂ ಜ್ವರ ಅಂದ್ರೂ ಒಂದೇ ಅಲ್ವ?"

"ಅರ್ಥ ಒಂದೇ ಅಮ್ಮ. ಕಾಲಂ ಬೇರೆ."

"ನಮ್ಮೂರಿಂದ ಆ ಕಾಲಮ್ಮಲ್ಲಿ ಎಷ್ಟೈತೆ?"

ಪ್ರಣೀತ್ ನೋಡಿದ. "ಸೊನ್ನೆ."

"ಅದುಕ್ಕೂ ಹುಳದ ನಿಯಮ ಹಾಕಿದೀರಾ?"

ಅವನು ಮತ್ತೆ ನೋಡಿದ. ಈ ಸಲ ತುಸು ಹೆಚ್ಚು ಹೊತ್ತು ನೋಡಿದ. ಆಮೇಲೆ ಸುತ್ತ ಒಮ್ಮೆ ಕಣ್ಣಾಡಿಸಿ, ಬಹಳ ನಿಧಾನವಾಗಿ ಹೇಳಿದ: "ಇಲ್ಲ. ಹುಳಕ್ಕೆ ಯಾರೂ ಫೀವರ್ ಅನ್ನಲ್ಲವಲ್ಲ."

ಹೊನ್ನಮ್ಮ ಪಟ್ಟಿ ಮಡಿಸಿ ಸೆರಗಿಗೆ ಸೇರಿಸಿಕೊಂಡಳು. "ಬಣ್ಣ ಈಗ್ಲೇ ಬದಲಾಯ್ತದ?"

"ಬೆಳಿಗ್ಗೆ ಆರಕ್ಕೆ. ಅದನ್ನ ಮಾತ್ರ ಯಾರೂ ಏನೂ ಮಾಡೋಕಾಗಲ್ಲ."

*

ಬಸ್ಸಿನಲ್ಲೇ ಶುರುಮಾಡಿದಳು. ಮೊದಲು ಹಾಲಿನ ಡೇರಿಯ ಕಾರ್ಯದರ್ಶಿ ಜವರೇಗೌಡನಿಗೆ. "ಊರೋರ್ನೆಲ್ಲ ಡೇರಿ ಹತ್ರ ಸೇರಿಸಣ್ಣ. ಯಾರ್ಯಾರ ಹತ್ರ ಫೋನೈತೋ ಎಲ್ರೂವೆ. ಇವತ್ತೊಂದು ದಿನ ಯಾರೂ ಜ್ವರ ಅನ್ನಕೂಡ್ದು. ಫೀವರ್ ಅನ್ನಬೇಕು."

"ಏನವ್ವ, ತಲೆ ಕೆಟ್ಟೈತ?"

"ನಂಗಲ್ಲ ಕೆಟ್ಟಿರೋದು. ಹೇಳ್ದಷ್ಟು ಮಾಡು."

ಅವಳು ಊರಿಗೆ ಬಂದಿಳಿಯುವ ಹೊತ್ತಿಗೆ ಡೇರಿಯ ಮುಂದೆ ಜಾತ್ರೆ ನೆರೆದಿತ್ತು. ತವರಿಗೆ, ಬೀಗರಿಗೆ, ಸೊಪ್ಪಿನವನಿಗೆ, ಗೂಡಿನ ಮಾರ್ಕೆಟ್ಟಿನ ಮಂಡಿಯವನಿಗೆ, ಸಿಕ್ಕಸಿಕ್ಕವರಿಗೆ ಫೋನು. ಕಾಯಿಲೆ ಇರುವ ಮನೆಯವರು ಇದ್ದ ಸತ್ಯವನ್ನೇ ಹೇಳುತ್ತಿದ್ದರು, ಮಾತು ಮಾತ್ರ ಬೇರೆ.

"ಲೋ ಸಿದ್ರಾಜು, ನಮ್ಮಪ್ಪಂಗೆ ಫೀವರ್ ಕಣೋ. ಹೂಂ, ಫೀವರ್. ಜ್ವ... ಥೂ, ಫೀವರ್!"

ಚಿಕ್ಕಕೆಂಪಯ್ಯನ ಬಾಯಲ್ಲಿ ಅದು 'ಪೀವರು' ಎಂದೇ ಬರುತ್ತಿತ್ತು. "ಪೀ ಅಲ್ಲ ಮಾವ, ಫೀ. ದೀಪ ಆರಿಸ್ದಂಗೆ ಗಾಳಿ ಊದ್ಬೇಕು," ಎಂದು ಹೆಂಗಸರು ನಗುತ್ತ ಹೇಳಿಕೊಟ್ಟರು.

ಮುದುಕ ನಗಲಿಲ್ಲ. "ಎಂಬತ್ತು ವರ್ಸ ಈ ನಾಲಗೇಲಿ ಜ್ವರ ಅಂದ್ರೆ ಡಾಕುಟ್ರು ಮಾತ್ರೆ ಕೊಟ್ರು, ಹೆಂಡ್ರು ಗಂಜಿ ಕೊಟ್ಲು, ದ್ಯಾವ್ರೂ ಕೇಳಿಸ್ಕೊಂಡ. ಇವ್ರ ಮಿಷಿನ್ನು ದ್ಯಾವ್ರಿಗಿಂತ ದೊಡ್ದಾ? ನನ್ ಮೊಮ್ಮಗಳ ಕಣ್ಣು ಉಳೀಬೇಕಾದ್ರೆ ನಾನು ಇಂಗ್ಲೀಸಲ್ಲಿ ನರಳ್ಬೇಕಾ?" ಎಂದವನೇ ಫೋನು ಕಿವಿಗಿಟ್ಟುಕೊಂಡು, ಕೆನ್ನೆ ಉಬ್ಬಿಸಿ, ಇದ್ದಬದ್ದ ಉಸಿರೆಲ್ಲ ಸೇರಿಸಿ ಊದಿದ: "ಫೀವರ್!"

ನಗುತ್ತಿದ್ದವರೆಲ್ಲ ತಮ್ಮ ತಮ್ಮ ಫೋನು ಕಿವಿಗಿಟ್ಟುಕೊಂಡರು.

ಹೊನ್ನಮ್ಮ ಲಿಂಗಿಯ ಮನೆಗೆ ಹೋದಾಗ ಹೊತ್ತು ಮುಳುಗುತ್ತಿತ್ತು. ಲಿಂಗಿಯ ಗಂಡ ರಾಚಯ್ಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ. ಲಿಂಗಿ ದನಿ ಗುರುತಿಸಿ ಮುಖ ತಿರುಗಿಸಿದಳು.

"ಬಂತಾ ಅತ್ತಿಗೆ?"

"ಬೆಳಿಗ್ಗೆ ಬತ್ತದೆ."

"ಬೆಳಿಗ್ಗೆನಾ," ಅಂದಳು ಲಿಂಗಿ. ಎಣಿಸಿಕೊಂಡಿದ್ದಳು ಅಂತ ಕಾಣುತ್ತದೆ.

ಶುಕ್ರವಾರ ಆರಕ್ಕೆ ಸೋರೆಕುಪ್ಪೆ ಕೆಂಪಾಯಿತು. ಒಂಬತ್ತೂ ಹತ್ತಕ್ಕೆ ತಮ್ಮಣ್ಣ ಹಾರನ್ ಬಾರಿಸಿಕೊಂಡೇ ಊರೊಳಕ್ಕೆ ನುಗ್ಗಿದ. ಬುಧವಾರ ಕಲ್ಲಿಗೂ ಜಗ್ಗದಂತಿದ್ದ ಬೀಗ ಕಟಕ್ಕೆಂದು ತಾನಾಗಿ ತೆರೆದುಕೊಂಡಿತು. ಸಂಜೆಯೊಳಗೆ ನಾನೂರ ಐವತ್ತು ಮಂದಿಗೆ ಚುಚ್ಚಿದರು. ಚಿಕ್ಕಕೆಂಪಯ್ಯನ ಮೊಮ್ಮಗಳಿಗೆ ಬುಧವಾರವಷ್ಟೇ ಜ್ವರ ಬಂದಿತ್ತು, ಅವಳು ಉಳಿದುಕೊಂಡಳು. ಲಿಂಗಿಗೂ ಚುಚ್ಚಿದರು. ಸಿಸ್ಟರ್ ಸೂಜಿ ತೆಗೆಯುತ್ತ ಜ್ವರ ಬಂದದ್ದು ಯಾವಾಗ ಎಂದು ಕೇಳಿದಳು. ಹೊನ್ನಮ್ಮ ಹೇಳಿದಳು. ಸಿಸ್ಟರ್ ಮುಖ ಎತ್ತಲಿಲ್ಲ.

*

ಹತ್ತು ದಿನ ಕಳೆದು ರಾಚಯ್ಯನ ಹುಳು ಹಣ್ಣಾದವು. ಲಿಂಗಿ ಯಾರು ಬೇಡವೆಂದರೂ ಕೇಳದೆ, ಕಾಲು ತೊಳೆದುಕೊಂಡು, ಗೋಡೆ ಸವರುತ್ತ ಹುಳುಮನೆಗೆ ಬಂದು ತಟ್ಟೆಯ ಮುಂದೆ ಕೂತಳು. ಅವಳಿಗೆ ಈಗ ಎಲ್ಲವೂ ಮೊಸರಿನ ನೀರಿನೊಳಗೆ ಕಂಡ ಹಾಗೆ. ತಟ್ಟೆಯಿದೆ, ಅದರಲ್ಲೇನೋ ಹರಿದಾಡುತ್ತಿದೆ, ಅಷ್ಟೇ. ಬೆರಳು ಮಾತ್ರ ಮೊದಲಿನ ಹಾಗೇ ಚುರುಕಾಗಿ ಆರಿಸಿ ಆರಿಸಿ ಚಂದ್ರಂಕಿಗೆ ಬಿಡುತ್ತಿತ್ತು. ಹಸಿಯದು, ಹಣ್ಣು, ಹಸಿಯದು, ಹಸಿಯದು. ಅವಳ ಹಿಂದೆ ನಿಂತಿದ್ದ ನೆರೆಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬಳೆ ಸದ್ದಾಗದ ಹಾಗೆ ಮೊಣಕೈಗೆ ಏರಿಸಿಕೊಂಡು, ಅವಳು ಬಿಟ್ಟ ಹಸಿ ಹುಳುಗಳನ್ನು ಒಂದೊಂದಾಗಿ ಹಿಂದಕ್ಕೆ ಎತ್ತಿ ತಟ್ಟೆಗೆ ಹಾಕತೊಡಗಿದರು.

"ಏನ್ರೇ, ಯಾರೂ ಮಾತಾಡ್ತಾ ಇಲ್ಲ?" ಅಂದಳು ಲಿಂಗಿ.

"ನಿನ್ ಕೈ ಓಟ ನೋಡ್ತಾ ಇದ್ವಿ ಕಣಕ್ಕ," ಎಂದಳು ಒಬ್ಬಳು. ಹೊನ್ನಮ್ಮ ಹೊರಗೆ ಬಂದು ಜಗಲಿಯ ಕಂಬ ಹಿಡಿದುಕೊಂಡಳು.

ಮಾರನೆಯ ವಾರ ಆಲಿಕೆಯ ರಾಜ್ಯ ನಿರ್ದೇಶಕರು ಊರಿಗೆ ಬಂದರು. ಹಿಂದೆ ಕ್ಯಾಮೆರಾ, ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ಪ್ರಣೀತ್. ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ನಿರ್ದೇಶಕರು ಮೈಕಿನಲ್ಲಿ ವರದಿ ಓದಿದರು: "ಮೊದಲ ಸೂಚನೆ, ಶುಕ್ರವಾರ ಬೆಳಿಗ್ಗೆ ಆರು ಗಂಟೆ. ಲಸಿಕೆ ತಲುಪಿದ್ದು, ಒಂಬತ್ತು ಹತ್ತು. ಮೂರು ಗಂಟೆ ಹತ್ತು ನಿಮಿಷ! ಜಗತ್ತಿನ ಯಾವ ದೇಶದಲ್ಲೂ ಇಷ್ಟು ಬೇಗ ಆಗಿಲ್ಲ." ಅವರು ತಾವೇ ಚಪ್ಪಾಳೆ ಶುರುಮಾಡಿದರು. ಯಾರೂ ಜೊತೆಗೂಡಲಿಲ್ಲ.

ಆಮೇಲೆ ವರದಿಯ ಕೆಳಗೆ ಊರಿನ ಆಶಾ ಕಾರ್ಯಕರ್ತೆಯ ಸಹಿ ಬೇಕೆಂದು ಕಾಗದ ಮುಂದಿಟ್ಟರು. ಹೊನ್ನಮ್ಮ ಬೆರಳಿಟ್ಟು ಸಾಲುಸಾಲಾಗಿ ಓದಿದಳು. ಲಿಂಗಿಯ ಹೆಸರಿನ ಮುಂದೆ ಹೀಗಿತ್ತು: 'ಸಕಾಲದಲ್ಲಿ ಲಸಿಕೆ ನೀಡಲಾಗಿದೆ. ರೋಗಿಯ ದೇಹ ಸ್ಪಂದಿಸಿಲ್ಲ.'

"ಇದಕ್ಕೆ ನಾನು ರುಜು ಹಾಕಲ್ಲ ಸ್ವಾಮಿ."

"ಯಾಕಮ್ಮ? ಎಲ್ಲ ಯಂತ್ರದಲ್ಲಿ ದಾಖಲಾಗಿರೋದೇ ತಾನೇ?"

"ಸೋಮವಾರ ಸಂಜೆ ನಾನು ಕೈಯಾರೆ ಮುಟ್ಟಿ ನೋಡಿದೀನಿ. ಮಂಗಳವಾರ ಬರ್ದು ಕಳಿಸಿದೀನಿ. ಗುರುವಾರ ನಿಮ್ ಕಚೇರಿಗೇ ಬಂದು ಬಾಯಲ್ಲಿ ಹೇಳಿದೀನಿ. ಅದೆಲ್ಲಿ ಇದ್ರಲ್ಲಿ?" ಅವಳು ಪ್ರಣೀತನ ಕಡೆ ತಿರುಗಿದಳು. "ನೀನು ಹೇಳಪ್ಪ. ನಾನು ಬಂದಿದ್ದು ಸುಳ್ಳಾ?"

ಪ್ರಣೀತ್ ಬಾಯಿ ತೆರೆದ. ನಿರ್ದೇಶಕರು ಅವನನ್ನೊಮ್ಮೆ ನೋಡಿದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ನಿರ್ದೇಶಕರು ತಾಳ್ಮೆಗೆಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಲಿಂಗಿಯ ಹತ್ತಿರ ಹೋಗಿ, ಬಗ್ಗಿ, ಮಕ್ಕಳನ್ನು ಮಾತಾಡಿಸುವ ದನಿಯಲ್ಲಿ ಕೇಳಿದರು. ಕ್ಯಾಮೆರಾದವನೂ ಹಿಂದೆಯೇ ಹೋದ. "ನೀವೇ ಹೇಳಿಬಿಡಿ ತಾಯಿ. ನಿಮಗೆ ಕಾಯಿಲೆ ಶುರುವಾಗಿದ್ದು ಯಾವತ್ತು? ಶುಕ್ರವಾರ ತಾನೇ?"

ಲಿಂಗಿ ದನಿ ಬಂದ ಕಡೆಗೆ ಮುಖ ಎತ್ತಿದಳು. ಅವರ ಮುಖದಿಂದ ಒಂದು ಗೇಣು ಆಚೆಗಿನ ಗಾಳಿಯನ್ನು ನೋಡುತ್ತ, ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ ಹೇಳಿದಳು:

"ಜ್ವರ ಬಂದಿದ್ದು ಸೋಮವಾರ ಬುದ್ದಿ. ಫೀವರ್ ಬಂದಿದ್ದು ಶುಕ್ರವಾರ."